ಬಾವಿಯ ಸೆಲೆಯನ್ನು ಅಳೆಯುವ ಬಗೆ

ಕೆರೆಯ ನೀರನ್ನು ಕಣ್ಣಳತೆಯಿಂದ ಅಂದಾಜು ಮಾಡಬಹುದು. ನೆಲದೊಳಗಣ ನೀರಿಗೆ ಆ ಅನುಕೂಲವಿಲ್ಲ. ಅದರ ಬಲಾಬಲವನ್ನು ಅರಿಯಲು ಬಾವಿಯೇ ಸಾಧನ. ಬಾವಿಯಿಂದ ಗೊತ್ತಾದ ಪ್ರಮಾಣದಲ್ಲಿ ನೀರೆತ್ತಿ, ಮಟ್ಟವು ಎಷ್ಟು ಹೊತ್ತಿಗೆ ಎಷ್ಟು ಇಳಿಯಿತು, ಪಂಪು ನಿಂತ ಮೇಲೆ ಎಷ್ಟು ಏರಿತು ಎಂಬುದನ್ನು ದಾಖಲಿಸುವುದೇ ಪಂಪ್ ಪರೀಕ್ಷೆ.

ಕರ್ನಾಟಕದ ಬಹುಭಾಗವು ಕಣಶಿಲೆ, ನೈಸ್, ಬಸಾಲ್ಟ್‌ಗಳಂತಹ ಗಟ್ಟಿ ಶಿಲೆಗಳ ನೆಲ. ಇಲ್ಲಿ ನೀರು ನೆಲೆಸುವುದು ಶಿಥಿಲಗೊಂಡ ಮೇಲ್ಪದರದಲ್ಲಿ ಹಾಗೂ ಬಂಡೆಯ ಬಿರುಕುಗಳಲ್ಲಿ. ಒಂದು ಬಾವಿಗೆ ದೊರೆತ ಬಿರುಕು ನೆರೆಯ ಬಾವಿಗೂ ದೊರೆಯಬೇಕೆಂದಿಲ್ಲ. ಆದುದರಿಂದ ನೆರೆಯ ಬಾವಿಯನ್ನು ನೋಡಿ ಪಂಪು ಕೊಂಡು ಬೆಳೆ ನಿಶ್ಚಯಿಸಿದ ರೈತನಿಗೆ ಕಡೆಗೆ ಸಾಲವೊಂದೇ ಉಳಿಯಬಹುದು.

6 ಮೀಟರ್ ವ್ಯಾಸದ ತೆರೆದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 85,000 ಲೀಟರ್. ಸೆಕೆಂಡಿಗೆ 5 ಲೀಟರ್ ಎತ್ತುವ ಪಂಪು, ಸೆಲೆಯಿಂದ ಒಂದು ಹನಿ ಬಾರದಿದ್ದರೂ, ನಾಲ್ಕೂವರೆ ತಾಸು ಓಡುವುದು. ನೋಡುವವರು ಸೆಲೆಯ ಸಮೃದ್ಧಿಯೆಂದು ತಿಳಿದದ್ದು ಬಾವಿಯಲ್ಲಿ ಮೊದಲೇ ಕೂಡಿದ್ದ ನೀರು. ಸೆಲೆಯ ನಿಜವಾದ ಪರೀಕ್ಷೆ ನಡೆಯುವುದು ಪಂಪು ನಿಂತ ಬಳಿಕ. ಅದೇ ಬಾವಿಯಲ್ಲಿ ಒಂದು ತಾಸಿಗೆ 30 ಸೆಂಟಿಮೀಟರ್ ನೀರೇರಿದರೆ, ಒಳಬಂದುದು ಸುಮಾರು 8,500 ಲೀಟರ್. ಪಂಪು ತಾಸಿಗೆ ಎತ್ತುವ 18,000 ಲೀಟರಿನ ಅರ್ಧಕ್ಕಿಂತಲೂ ಕಡಿಮೆ. ಮಟ್ಟ ಏರಿದಂತೆ ಒಳಹರಿವು ಕುಗ್ಗುವುದರಿಂದ ಒಂದೇ ಅಳತೆ ಸಾಲದು. ಮೊದಲು ಅಲ್ಪಾವಧಿಗೊಮ್ಮೆ, ತರುವಾಯ ದೀರ್ಘಾವಧಿಗೊಮ್ಮೆ ಅಳೆಯುತ್ತ ಹೋಗಬೇಕು.

ಈ ಅಳತೆಗಳಿಗೆ ಗಣಿತದ ಆಧಾರ ದೊರೆತದ್ದು 1935ರಲ್ಲಿ. ಅಮೆರಿಕದ ಸಿ. ವಿ. ಥೀಸ್ ಅವರು ಶಾಖಪ್ರವಾಹದ ನಿಯಮವನ್ನು ಅಂತರ್ಜಲಕ್ಕೆ ಅನ್ವಯಿಸಿ, ಮಟ್ಟದ ಇಳಿತಕ್ಕೂ ಕಾಲಕ್ಕೂ ಇರುವ ಸಂಬಂಧವನ್ನು ತೋರಿಸಿದರು. ಇದರಿಂದ ಜಲಸ್ತರದ ಎರಡು ಗುಣಗಳು ತಿಳಿಯುತ್ತವೆ: ನೀರನ್ನು ಹಾಯಗೊಡುವ ಶಕ್ತಿ ಮತ್ತು ಸಂಗ್ರಹಿಸಿ ಬಿಟ್ಟುಕೊಡುವ ಶಕ್ತಿ. ಎರಡನೆಯದನ್ನು ನಂಬುವಂತೆ ಅರಿಯಲು ಸಮೀಪದಲ್ಲಿ ಮತ್ತೊಂದು ಬಾವಿಯ ಮಟ್ಟವನ್ನೂ ಗಮನಿಸಬೇಕು. ಥೀಸ್ ಅವರ ಸೂತ್ರವು ಬಾವಿಯೊಳಗೇ ಕೂಡಿರುವ ನೀರನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. 1967ರಲ್ಲಿ ಪಾಪಡೋಪುಲೋಸ್ ಮತ್ತು ಕೂಪರ್ ಅವರು ಆ ನೀರನ್ನೂ ಲೆಕ್ಕಕ್ಕೆ ತಂದ ಮೇಲೆ, ಅಗಲವಾದ ತೆರೆದ ಬಾವಿಗಳ ಪರೀಕ್ಷೆಗೆ ಯೋಗ್ಯವಾದ ಮಾರ್ಗ ದೊರೆಯಿತು.

ಮಳೆಗಾಲದ ಕೊನೆಗೆ ಪಡೆದ ಅಂಕಿಗಳು ಬೇಸಿಗೆಗೆ ಸಲ್ಲವು. ಮಟ್ಟ ಕೆಳಗಿಳಿದಾಗ ಮೇಲಣ ಬಿರುಕುಗಳು ಬತ್ತಿರುತ್ತವೆ. ಆದ್ದರಿಂದ ಬೇಸಿಗೆಯಲ್ಲಿಯೂ ಪರೀಕ್ಷಿಸಿ, ಸೆಲೆಯ ಆದಾಯವನ್ನು ಅರಿತು, ಪಂಪಿನ ಗಾತ್ರವನ್ನೂ ಬೆಳೆಯ ವಿಸ್ತಾರವನ್ನೂ ಗೊತ್ತುಮಾಡುವುದು ವಿವೇಕ. ಒಂದು ಅಳತೆಯ ಟೇಪು, ಒಂದು ಗಡಿಯಾರ, ಒಂದು ದಿನದ ತಾಳ್ಮೆ ಇದ್ದರೆ ಶಾಲಾ ಬಾಲಕರೂ ಇದರ ಮೊದಲ ಪಾಠವನ್ನು ತಮ್ಮ ಊರಿನ ಬಾವಿಯಲ್ಲೇ ಕಲಿಯಬಹುದು.