ಉಕ್ಕಿನ ದೈತ್ಯನ ಒಡಲಲ್ಲಿ ಒಬ್ಬ ಮನುಷ್ಯ

ಧಾರವಾಡ ಸೀಮೆಯಲ್ಲಿ ದೊಡ್ಡಾಟವನ್ನು ಕಂಡವರಿಗೆ ಆ ನೋಟ ಮರೆಯುವಂಥದಲ್ಲ. ತಲೆಯ ಮೇಲೆ ಕಿರೀಟ, ಹೆಗಲ ಮೇಲೆ ಭುಜಕೀರ್ತಿ, ಕಾಲಲ್ಲಿ ಗೆಜ್ಜೆ. ವೀರನು ಅಬ್ಬರಿಸಿ ಕಾಲಪ್ಪಳಿಸಿದನೆಂದರೆ ಅಟ್ಟದ ಹಲಗೆಗಳು ನಡುಗುತ್ತವೆ, ಮುಂದೆ ಕುಳಿತ ಮಕ್ಕಳ ಎದೆಯೂ ನಡುಗುತ್ತದೆ. ಇರುಳೆಲ್ಲ ಬಾಣಗಳು ಹಾರುತ್ತವೆ, ತಲೆಗಳು ಉರುಳುತ್ತವೆ. ಬೆಳಗಾಯಿತೆಂದರೆ ಮಡಿದ ವೀರನು ಬಣ್ಣ ತೊಳೆದುಕೊಂಡು, ಎತ್ತುಗಳನ್ನು ಹೊಡೆದುಕೊಂಡು ಹೊಲದ ಹಾದಿ ಹಿಡಿಯುತ್ತಾನೆ. ಆಟದ ಯುದ್ಧಕ್ಕೂ ನಿಜವಾದ ಯುದ್ಧಕ್ಕೂ ಇರುವ ಅಂತರ ಇಷ್ಟೇ: ನಿಜವಾದ ಯುದ್ಧದಲ್ಲಿ ಮಡಿದವನು ಮರುದಿನ ಎದ್ದು ಹೊಲಕ್ಕೆ ಹೋಗುವುದಿಲ್ಲ.

ಈ ಅಂತರವನ್ನು ಒಬ್ಬ ಶಾಲಾಬಾಲಕನು ಹೇಗೆ ಅರಿತುಕೊಂಡನೆಂಬುದೇ ಜಪಾನಿನ ಒಂದು ಚಿಕ್ಕ ಚಿತ್ರಮಾಲೆಯ ವಸ್ತು. ಅದರ ಹೆಸರು ‘ಮೊಬೈಲ್ ಸೂಟ್ ಗುಂಡಮ್ ೦೦೮೦: ವಾರ್ ಇನ್ ದ ಪಾಕೆಟ್’. ‘ಕಿಸೆಯೊಳಗಿನ ಯುದ್ಧ’ ಎಂದು ನಾವು ಕನ್ನಡಿಸಿಕೊಳ್ಳಬಹುದು. ೧೯೮೯ರ ಮಾರ್ಚ್ ತಿಂಗಳಿನಿಂದ ಆಗಸ್ಟ್‌ವರೆಗೆ, ತಿಂಗಳಿಗೊಂದು ಕಂತಿನಂತೆ, ಇದು ವಿಡಿಯೋ ರೂಪದಲ್ಲಿ ಹೊರಬಂದಿತು. ಕಂತುಗಳು ಆರೇ, ಒಟ್ಟು ಮೂರು ತಾಸಿಗೂ ಕಡಿಮೆ. ಕಲಘಟಗಿ ತಾಲೂಕಿನ ತಂಬೂರಿನಲ್ಲಿ, ನಮ್ಮಣ್ಣನ ಮನೆಯ ಪಡಸಾಲೆಯಲ್ಲಿ ಕುಳಿತು, ಎರಡು ಸಂಜೆಗಳಲ್ಲಿ ಇದನ್ನು ನೋಡಿ ಮುಗಿಸಿದೆ. ಜೊತೆಗಿದ್ದವನು ಅಣ್ಣನ ಹತ್ತು ವರ್ಷದ ಮಗ. ಇಂಗ್ಲಿಷ್ ಅಡಿಬರಹಗಳನ್ನು ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅವನ ಪ್ರಶ್ನೆ ಮೊದಮೊದಲು ಒಂದೇ: “ಕಾಕಾ, ಲಡಾಯಿ ಯಾವಾಗ ಸುರು ಆಕೈತಿ?”

ಯಂತ್ರವೀರರ ವಂಶಾವಳಿ

ಜಪಾನೀಯರು ಚಲಿಸುವ ಚಿತ್ರಗಳ ಕಥೆಗಳನ್ನು ‘ಅನಿಮೆ’ ಎಂದೂ ಅವುಗಳಲ್ಲಿ ಬರುವ ಯುದ್ಧಯಂತ್ರಗಳನ್ನು ‘ಮೆಕಾ’ ಎಂದೂ ಕರೆಯುತ್ತಾರೆ. ೧೯೫೬ರಲ್ಲಿ ಮಿತ್ಸುತೆರು ಯೊಕೊಯಾಮಾ ಎಂಬ ಚಿತ್ರಕಾರರು ‘ತೆತ್ಸುಜಿನ್ ೨೮’ ಎಂಬ ಚಿತ್ರಕಥೆಯನ್ನು ಆರಂಭಿಸಿದರು. ಅದರಲ್ಲಿ ಬಾಲಕನೊಬ್ಬನು ಕೈಯಲ್ಲಿ ಹಿಡಿದ ಸಣ್ಣ ಯಂತ್ರದಿಂದ ಉಕ್ಕಿನ ದೈತ್ಯನನ್ನು ದೂರದಿಂದಲೇ ನಡೆಸುತ್ತಾನೆ. ೧೯೭೨ರಲ್ಲಿ ಗೋ ನಾಗಾಯಿಯವರ ‘ಮಝಿಂಗರ್ ಝಡ್’ ಬಂದಾಗ ಮನುಷ್ಯನು ದೈತ್ಯನ ತಲೆಯಲ್ಲಿಯೇ ಕುಳಿತು ಅದನ್ನು ನಡೆಸತೊಡಗಿದನು. ಮುಂದೆ ೧೯೭೯ರಲ್ಲಿ ಯೊಶಿಯುಕಿ ತೊಮಿನೊ ಅವರು ‘ಮೊಬೈಲ್ ಸೂಟ್ ಗುಂಡಮ್’ ಎಂಬ ಧಾರಾವಾಹಿಯನ್ನು ನಿರ್ದೇಶಿಸಿ ಈ ಪರಂಪರೆಗೆ ಹೊಸ ತಿರುವನ್ನು ಕೊಟ್ಟರು. ಅವರ ಕಥೆಯಲ್ಲಿ ದೈತ್ಯನು ದೇವರ ವರವಲ್ಲ. ಫಿರಂಗಿಯಂತೆ, ವಿಮಾನದಂತೆ, ಕಾರಖಾನೆಯಲ್ಲಿ ತಯಾರಾದ ಆಯುಧ. ಗುಂಡಮ್ ಎಂಬ ಆ ಯಂತ್ರದ ಎತ್ತರ ೧೮ ಮೀಟರ್. ಎದುರಾಳಿಗಳೂ ರಾಕ್ಷಸರಲ್ಲ, ಅವರಿಗೂ ಮನೆಮಾರುಗಳುಂಟು, ತಾಯಿತಂದೆಗಳುಂಟು.

ಆ ಮಹಾಕಥೆಗೆ ಹತ್ತು ವರ್ಷ ತುಂಬಿದಾಗ ಹುಟ್ಟಿದ ಉಪಕಥೆಯೇ ಈ ಆರು ಕಂತುಗಳು. ಇದರ ನಿರ್ದೇಶಕರು ತೊಮಿನೊ ಅಲ್ಲ, ಫುಮಿಹಿಕೊ ತಕಯಾಮಾ. ಮೊದಲಿನದನ್ನು ನೋಡದವರಿಗೂ ಇದು ತೊಡಕಿಲ್ಲದೆ ಅರ್ಥವಾಗುತ್ತದೆ.

ಆಕಾಶದಲ್ಲಿ ಒಂದು ಊರು

ಕಥೆ ನಡೆಯುವುದು ಭೂಮಿಯ ಮೇಲಲ್ಲ. ಬಾಹ್ಯಾಕಾಶದಲ್ಲಿ ತಿರುಗುವ ಒಂದು ಬೃಹತ್ ಕೊಳವೆಯೊಳಗಿನ ಊರಿನಲ್ಲಿ. ಇದು ಬರಿಯ ಕಟ್ಟುಕಥೆಯಲ್ಲ. ಅಮೆರಿಕೆಯ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ಡ್ ಓ’ನೀಲ್ ಅವರು ೧೯೭೦ರ ದಶಕದಲ್ಲಿ ಇಂತಹ ವಸಾಹತುಗಳ ಯೋಜನೆಯನ್ನು ಲೆಕ್ಕಾಚಾರಸಹಿತ ಮುಂದಿಟ್ಟಿದ್ದರು. ಅವರು ಕಲ್ಪಿಸಿದ ದೊಡ್ಡ ಕೊಳವೆಯ ಉದ್ದ ಸುಮಾರು ೩೨ ಕಿಲೋಮೀಟರ್. ತಂಬಿಗೆಗೆ ಹಗ್ಗ ಕಟ್ಟಿ ನೀರು ತುಂಬಿ ಗರಗರನೆ ತಿರುಗಿಸಿದರೆ, ಅದು ತಲೆಕೆಳಗಾದಾಗಲೂ ನೀರು ಚೆಲ್ಲದೆ ತಳಕ್ಕೆ ಅಂಟಿಕೊಂಡಿರುತ್ತದಷ್ಟೆ. ಅದೇ ರೀತಿಯಲ್ಲಿ ಕೊಳವೆ ತಿರುಗುತ್ತಿರುವಾಗ ಒಳಮೈಯ ಮೇಲಿರುವ ಜನ, ಮನೆ, ಮರ ಎಲ್ಲವೂ ನೆಲಕ್ಕೆ ಊರಿಕೊಂಡು ನಿಲ್ಲುತ್ತವೆ.

ಅಂತಹ ಊರುಗಳಿಗೂ ಭೂಮಿಯ ಒಕ್ಕೂಟಕ್ಕೂ ಘೋರ ಯುದ್ಧ ನಡೆದಿದೆ. ಬಾಲಕ ಆಲ್ಫ್ರೆಡ್‌ನ ಊರು ಮಾತ್ರ ಯಾವ ಪಕ್ಷಕ್ಕೂ ಸೇರದ ತಟಸ್ಥ ಊರು. ಆದ್ದರಿಂದ ಅಲ್ಲಿಯ ಮಕ್ಕಳಿಗೆ ಯುದ್ಧವೆಂದರೆ ದೂರದ ದೊಡ್ಡಾಟ. ಒಂದು ದಿನ ಯುದ್ಧಯಂತ್ರಗಳು ಊರೊಳಗೆಯೇ ನುಗ್ಗಿ ಕಾದಾಡುತ್ತವೆ. ಹಿರಿಯರು ಓಡಿಹೋಗುತ್ತಿದ್ದರೆ ಆಲ್ಫ್ರೆಡ್ ಸಂತೋಷದಿಂದ ನಲಿಯುತ್ತ, ಕೆಳಗೆ ಬಿದ್ದ ಯಂತ್ರದ ಕಡೆಗೆ ಧಾವಿಸುತ್ತಾನೆ! ಅದರೊಳಗಿಂದ ಇಳಿದು ಬರುವವನು ದೈತ್ಯನಲ್ಲ. ಮೀಸೆ ಸರಿಯಾಗಿ ಮೂಡದ ತರುಣ ಸಿಪಾಯಿ ಬರ್ನಿ. ಹುಡುಗನು ತೆಗೆದ ಚಿತ್ರಮುದ್ರಿಕೆಯನ್ನು ಪಡೆದುಕೊಳ್ಳಲು ಆತನು ತನ್ನ ಪದವಿಯ ಬಿಲ್ಲೆಯನ್ನು ಬಿಚ್ಚಿ ಕೊಡುತ್ತಾನೆ. ಆ ಬಿಲ್ಲೆ ಹುಡುಗನ ಪಾಲಿಗೆ ನಿಧಿ.

ಮುಂದೆ ಬರ್ನಿ ಗುಪ್ತಚಾರರ ತಂಡದೊಡನೆ ಅದೇ ಊರಿಗೆ ಮರಳಿ ಬರುತ್ತಾನೆ. ಊರಿನಲ್ಲಿ ಅಡಗಿಸಿಟ್ಟಿರುವ ಹೊಸ ಗುಂಡಮ್ ಯಂತ್ರವನ್ನು ನಾಶಮಾಡುವುದು ಅವರ ಕಾರ್ಯ. ಆಲ್ಫ್ರೆಡ್ ಅವನ ಗುಟ್ಟಿನ ಗೆಳೆಯನಾಗುತ್ತಾನೆ. ಪಕ್ಕದ ಮನೆಯಲ್ಲಿ ಕ್ರಿಸ್ಟಿನಾ ಎಂಬ ತರುಣಿ ಇದ್ದಾಳೆ, ಹುಡುಗನಿಗೆ ಅಕ್ಕನಂತಿರುವವಳು. ಬರ್ನಿಗೂ ಅವಳಿಗೂ ಪರಿಚಯವಾಗಿ, ಪರಿಚಯವು ಮೆಚ್ಚುಗೆಯಾಗುತ್ತದೆ. ಆದರೆ ಆ ಗುಂಡಮ್ ಯಂತ್ರವನ್ನು ನಡೆಸುವವಳು ಅವಳೇ! ಇದನ್ನು ಪ್ರೇಕ್ಷಕರು ಬಲ್ಲರು. ಬರ್ನಿ ಅರಿಯನು, ಹುಡುಗನೂ ಅರಿಯನು. ಬರ್ನಿ ಯಾರೆಂಬುದನ್ನು ಅವಳೂ ಅರಿಯಳು.

ಎರಡನೆಯ ಸಂಜೆ ಈ ಘಟ್ಟಕ್ಕೆ ಬಂದಾಗ ಅಣ್ಣನ ಮಗನ ಪ್ರಶ್ನೆ ಬದಲಾಯಿತು. “ಇಬ್ರೂ ಛಲೋ ಮಂದಿನ ಅದಾರಲ್ಲ ಕಾಕಾ, ಮತ್ಯಾಕ ಹೊಡೆದಾಡಬೇಕು?” ಎಂದನು. ಲಡಾಯಿ ಯಾವಾಗ ಎಂದು ಕಾಯುತ್ತಿದ್ದವನು ಈಗ ಲಡಾಯಿ ಬೇಡವೆನ್ನುತ್ತಿದ್ದನು. ಈ ಚಿತ್ರಮಾಲೆಯ ಗೆಲುವು ಇರುವುದು ಇಲ್ಲಿಯೇ. ಇದು ಉಪದೇಶ ಮಾಡುವುದಿಲ್ಲ. ನಾವು ಪ್ರೀತಿಸುವ ಇಬ್ಬರನ್ನು ಎರಡು ಉಕ್ಕಿನ ಒಡಲುಗಳಲ್ಲಿ ಕೂಡಿಸಿ, ಎದುರುಬದುರು ನಿಲ್ಲಿಸುತ್ತದೆ, ಅಷ್ಟೇ.

ಆ ಹೋರಾಟ ನಡೆಯಿತೇ, ನಡೆದರೆ ಏನಾಯಿತು ಎಂಬುದನ್ನು ಇಲ್ಲಿ ಹೇಳಿ ಓದುಗರ ಕುತೂಹಲವನ್ನು ಕೆಡಿಸಲಾರೆ. ಕೊನೆಯ ನೋಟವೊಂದನ್ನು ಮಾತ್ರ ಹೇಳುವೆ. ಯುದ್ಧ ಮುಗಿದಿದೆ. ಶಾಲೆಯ ಅಂಗಳದಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾರೆ, ಹಿರಿಯರ ಭಾಷಣ ನಡೆದಿದೆ. ನಡುವೆ ಆಲ್ಫ್ರೆಡ್ ತಡೆಯಲಾರದೆ ಅಳತೊಡಗುತ್ತಾನೆ. ಯುದ್ಧ ಮುಗಿಯಿತೆಂದು ಇವನಿಗೆ ದುಃಖವಾಗಿದೆಯೆಂದು ಭಾವಿಸಿದ ಗೆಳೆಯರು ಸಮಾಧಾನ ಹೇಳುತ್ತಾರೆ: ಬೇಗನೆ ಇನ್ನೊಂದು ಯುದ್ಧ ಬಂದೇ ಬರುತ್ತದೆ, ಇದಕ್ಕಿಂತ ಸೊಗಸಾಗಿರುತ್ತದೆ ಎಂದು! ನಮ್ಮ ಹುಡುಗನು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ರಿಗೆ ಗೊತ್ತಿಲ್ಲಲ್ಲ, ಕಾಕಾ” ಎಂದನು.

ಕಲ್ಲು ಹೇಳದ ಮಾತು

ಮರುದಿನ ಕೆರೆಯ ಕಡೆಗೆ ತಿರುಗಾಡಲು ಹೋದಾಗ ನನಗೆ ನಮ್ಮ ಸೀಮೆಯ ವೀರಗಲ್ಲುಗಳ ನೆನಪಾಯಿತು. ಗುಡಿಯ ಮಗ್ಗುಲಲ್ಲೋ ಕೆರೆಯ ಏರಿಯ ಬಳಿಯಲ್ಲೋ ಅವುಗಳನ್ನು ಕಾಣದವರು ವಿರಳ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ತುರುಗಳನ್ನು ಬಿಡಿಸಲು ಹೋಗಿ ಮಡಿದವನನ್ನು ಊರು ಹಾಗೆ ನೆನೆಯಿತು, ಅದು ಸರಿಯಾದದ್ದೇ. ಆದರೆ ಅದೇ ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ, ವೀರನ ಕಾಲಡಿಯಲ್ಲಿ, ಎಷ್ಟೋ ಸಲ ಇನ್ನೊಬ್ಬನು ಬಿದ್ದಿರುತ್ತಾನೆ. ಅವನ ಹೆಸರೇನು, ಯಾವ ಊರಿನವನು, ಅವನ ದಾರಿ ಕಾದವರು ಯಾರು? ಕಲ್ಲು ಹೇಳುವುದಿಲ್ಲ.

ಕಿಸೆಯೊಳಗಿನ ಯುದ್ಧವು ಆ ಇನ್ನೊಬ್ಬನ ಹೆಸರನ್ನೂ ಹೇಳುವ ಕಥೆ. ಇದರಲ್ಲಿ ಮಡಿದವರಿಗೆ ಯಾರೂ ಕಲ್ಲು ನಿಲ್ಲಿಸುವುದಿಲ್ಲ. ಅವರ ನೆನಪನ್ನು ಹೊತ್ತು ತಿರುಗುವವನು ಒಬ್ಬ ಚಿಕ್ಕ ಹುಡುಗ ಮಾತ್ರ. ರಕ್ತ ಕಾಣುವ ದೃಶ್ಯಗಳಿರುವುದರಿಂದ ತೀರ ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲ. ಬಂದೂಕಿನ ಆಟಿಗೆಯನ್ನು ಬಿಡದ ಹತ್ತು ಹನ್ನೆರಡರ ಪ್ರಾಯದ ಹುಡುಗನು ಮನೆಯಲ್ಲಿದ್ದರೆ, ಹಿರಿಯರು ಅವನ ಪಕ್ಕದಲ್ಲಿ ಕುಳಿತು ನೋಡಲಿ. ಅವನು ಪ್ರಶ್ನೆ ಕೇಳಿದಾಗ ಉತ್ತರಿಸಲು ಅವಸರಪಡದಿರಲಿ.