ಆಟದ ಯಂತ್ರಕ್ಕೆ ಹಳೆಯ ಮಾನಿಟರು

ದಿನದ ದುಡಿಮೆ ಮುಗಿಸಿ ಕೋಣೆಗೆ ಮರಳಿದವನಿಗೆ ಕೆಲಹೊತ್ತು ವಿನೋದ ಬೇಕೆನಿಸುವುದು ಸಹಜ. ಆದರೆ ನಾಲ್ವರು ಕೂಡಿ ವಾಸಿಸುವ ಕೋಣೆಯಲ್ಲಿ ದೊಡ್ಡ ಟೆಲಿವಿಷನ್ನಿಗೆ ಸ್ಥಳವೆಲ್ಲಿ? ಅದಕ್ಕೆ ತೆರಲು ಹಣವೆಲ್ಲಿ? ಕಚೇರಿಗಳು ಮಾರಿಬಿಡುವ ಹಳೆಯ ಕಂಪ್ಯೂಟರ್ ಮಾನಿಟರೊಂದು ಅಗ್ಗಕ್ಕೆ ದೊರೆತರೆ, ಪ್ಲೇಸ್ಟೇಷನ್ 4ರಂತಹ ಆಟದ ಯಂತ್ರಕ್ಕೆ ಅದೇ ಸಾಕು. ಕೊಳ್ಳುವ ಮುನ್ನ ಮಾತ್ರ ಮಾನಿಟರಿನ ಹಿಂಬದಿಯನ್ನು ಪರೀಕ್ಷಿಸಬೇಕು.

2013ರಲ್ಲಿ ಹೊರಬಂದ ಈ ಯಂತ್ರವು ಚಿತ್ರವನ್ನು ಕಳುಹಿಸುವುದು ಎಚ್‌ಡಿಎಂಐ ಎಂಬ ಒಂದೇ ದ್ವಾರದಿಂದ. ಮಾನಿಟರಿನಲ್ಲಿಯೂ ಅದೇ ದ್ವಾರವಿದ್ದರೆ ಒಂದು ಕೇಬಲ್ಲಿನಿಂದ ಕೆಲಸ ಮುಗಿಯಿತು. ಡಿವಿಐ ಇದ್ದರೆ, ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ಡಿವಿಐ ಆಗಿರುವ ಕೇಬಲ್ಲು ಸಾಮಾನ್ಯವಾಗಿ ಸಾಕಾಗುತ್ತದೆ. ಹದಿನೈದು ರಂಧ್ರಗಳ ವಿಜಿಎ ಒಂದೇ ಇದ್ದರೆ ಬರಿಯ ಕೇಬಲ್ಲು ನಿಷ್ಪ್ರಯೋಜಕ. ಡಿಜಿಟಲ್ ಸಂಕೇತವನ್ನು ಅನಲಾಗ್ ಸಂಕೇತವಾಗಿ ಮಾರ್ಪಡಿಸುವ ಪರಿವರ್ತಕವನ್ನು ಕೊಳ್ಳಲೇಬೇಕು. ಆ ವೆಚ್ಚವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯುವುದು ಲೇಸು.

ಚಿತ್ರ ಮೂಡಿದರೂ ಧ್ವನಿ ಕೇಳಿಸದಿರಬಹುದು. ಅನೇಕ ಮಾನಿಟರುಗಳಲ್ಲಿ ಸ್ಪೀಕರು ಇರುವುದೇ ಇಲ್ಲ. ಅದಕ್ಕಾಗಿ ಕಳವಳ ಬೇಡ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನಲ್ಲಿಯೇ ಇಯರ್‌ಫೋನಿನ ರಂಧ್ರವಿದೆ. ಎಲ್ಲ ಧ್ವನಿಯೂ ಅಲ್ಲಿಗೇ ಬರುವಂತೆ ಯಂತ್ರದ ಸೆಟ್ಟಿಂಗಿನಲ್ಲಿ ಆರಿಸಿಕೊಂಡರಾಯಿತು. ನಸುಕಿನಲ್ಲೆದ್ದು ಹೋಟೆಲಿನ ಒಲೆ ಹೊತ್ತಿಸಬೇಕಾದ ಜೊತೆಗಾರನ ನಿದ್ರೆಗೂ ಭಂಗವಿಲ್ಲ.