20 ಅಡಿ ಅಗಲದಲ್ಲೊಂದು ಅಂಗಳ

ಲಿಂಗಂಪಲ್ಲಿಯಲ್ಲಿ ನೂರು ಗಜ ನಿವೇಶನವನ್ನು ಕೊಂಡಿರುವ ನಮ್ಮ ವಾಚಕರೊಬ್ಬರು ಮೊನ್ನೆ ಮನೆಯ ನಕ್ಷೆಯೊಡನೆ ಕಾರ್ಯಾಲಯಕ್ಕೆ ಬಂದಿದ್ದರು. ಅಗಲ 20 ಅಡಿ, ಉದ್ದ 45. ಎರಡು ಪಾರ್ಶ್ವಗಳಲ್ಲಿಯೂ ನೆರೆಯವರ ಗೋಡೆಗಳು. ಕಾನೂನಿನಂತೆ ಮುಂದೆ ಬಿಡಬೇಕಾದ ಚೂರು ನೆಲದ ಹೊರತು ಮಿಕ್ಕುದೆಲ್ಲವನ್ನೂ ಮೇಸ್ತ್ರಿಯು ಕೋಣೆಗಳಿಂದ ತುಂಬಿಸಿದ್ದನು. ಹಿಂದಿನದು ಬಾಡಿಗೆಗೆ.

“ಮಗಳಿಗೆ ಉಬ್ಬಸವಿದೆ ಸ್ವಾಮಿ, ಅವಳು ಮಲಗುವ ನಡುಕೋಣೆಗೆ ಕಿಟಕಿಯೇ ಇಲ್ಲ. ಹಾಗೆಂದು ಬಾಡಿಗೆಯನ್ನು ಬಿಟ್ಟರೆ ಸಾಲದ ಕಂತು ಕಟ್ಟುವುದೆಂತು?” ಎಂದರು.

ಸಿಕಂದರಾಬಾದಿನಲ್ಲಿಯೇ 1930ರಲ್ಲಿ ಜನಿಸಿದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು 1960ರ ದಶಕದ ಆರಂಭದಲ್ಲಿ ಅಹಮದಾಬಾದಿನಲ್ಲಿ ಇಂಥದೇ ತೊಡಕನ್ನು ಬಿಡಿಸಿದ್ದರು. ಅವರ ‘ಟ್ಯೂಬ್ ಹೌಸ್’ ಎಂಬ ಮನೆಯ ಅಗಲ ಕೇವಲ 12 ಅಡಿ, ಉದ್ದ ಸುಮಾರು 60. ಬಾಗಿಲ ಬಳಿಯಿಂದ ಒಳಹೊಕ್ಕ ಗಾಳಿಯು ಬಿಸಿಯಾಗಿ, ಇಳಿಜಾರು ಮಾಡಿನ ಒಳಮೈಗುಂಟ ಏರಿ ನೆತ್ತಿಯ ಕಿಂಡಿಯಿಂದ ಹೊರಬೀಳುತ್ತಿತ್ತು. ಆ ಸೆಳೆತಕ್ಕೆ ತಂಗಾಳಿಯು ಒಳಬರುತ್ತಿತ್ತು. ಆ ಮನೆಯು ಇಂದು ಉಳಿದಿಲ್ಲ. ಆದರೆ ಹೋಟೆಲಿನ ಒಲೆಯ ಮೇಲಣ ಹೊಗೆಗಿಂಡಿಯನ್ನು ಬಲ್ಲ ನಮ್ಮ ಬಂಧುಗಳಿಗೆ ಆ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಊರಿನ ತೊಟ್ಟಿಮನೆಯೂ ಉಸಿರಾಡುವುದು ಹಾಗೆಯೇ.

ಆದುದರಿಂದ ನಾವು ನಕ್ಷೆಯ ನಟ್ಟನಡುವೆ 8 ಅಡಿಗೆ 10 ಅಡಿಯ ಒಂದು ಚೌಕವನ್ನು ಎಳೆದೆವು. 900 ಚದರಡಿಯಲ್ಲಿ ಹೋಗುವುದು 80. ನಡುಕೋಣೆ, ಅಡುಗೆಮನೆ ಎರಡಕ್ಕೂ ಅತ್ತ ಕಿಟಕಿ, ಮೇಲೆ ಗವಾಕ್ಷಿ. ಅಂಗಳದ ನೆತ್ತಿಗೆ ಕಳ್ಳರ ಭಯಕ್ಕೆ ಕಬ್ಬಿಣದ ಜಾಲರಿ. ಬಾಡಿಗೆಯ ಕೋಣೆ ಮಹಡಿಗೆ ಹೋಗಲಿ, ಮೆಟ್ಟಿಲು ಮುಂಭಾಗದಿಂದಿರಲಿ. ಮೊದಲ ವರ್ಷ ಕೈಯಲ್ಲಿ ಹಣವಿಲ್ಲದಿದ್ದರೆ ತಳಪಾಯ, ಕಂಬಗಳನ್ನಾದರೂ ಅದಕ್ಕೆ ತಕ್ಕಂತೆ ಹಾಕಿಸಿಡಬೇಕು.

ಗಿಡಗಳ ವಿಷಯದಲ್ಲಿ ಅತ್ಯಾಸೆಯು ಸಲ್ಲದು. ಎತ್ತರದ ಗೋಡೆಗಳ ನಡುವೆ ನಡುಹಗಲಿನ ಬಿಸಿಲು ಮಾತ್ರ ಇಳಿಯುವುದರಿಂದ ಮಲ್ಲಿಗೆ, ತುಳಸಿಗಳು ಅಲ್ಲಿ ಸೊರಗುತ್ತವೆ. ಅವುಗಳಿಗೆ ತಾರಸಿಯೇ ಲೇಸು. ವೀಳ್ಯದ ಬಳ್ಳಿ, ಕೆಸು, ಜರಿಗಿಡಗಳು ನೆರಳಿನಲ್ಲಿ ನಳನಳಿಸುತ್ತವೆ. ಮುಂದಿನ ಚೂರು ನೆಲಕ್ಕೆ ಒಂದು ಕರಿಬೇವು ಸಾಕು. ತೆಂಗು ಬೇಡ, ನೆರೆಯವರ ತಲೆಯ ಚಿಂತೆಯೂ ನಮಗಿರಬೇಕಷ್ಟೆ! ಗೋಡೆಯ ತೇವವು ಉಬ್ಬಸದವರಿಗೆ ಶತ್ರು. ಆದಕಾರಣ ಕುಂಡಗಳು ಗೋಡೆಯಿಂದ ಗೇಣು ದೂರವಿರಲಿ, ನೆಲಕ್ಕೆ ಇಳಿಜಾರಿರಲಿ, ಸೊಳ್ಳೆಗೆ ಎಡೆಗೊಡುವಂತೆ ಎಲ್ಲಿಯೂ ನೀರು ನಿಲ್ಲದಿರಲಿ.

ಈ ನಗರದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. 600 ಚದರಡಿಯ ತಾರಸಿಯ ಮೇಲೆ ಬೀಳುವುದೇ 44 ಸಾವಿರ ಲೀಟರಿನಷ್ಟು. ಟ್ಯಾಂಕರಿಗೆ ಹಣ ತೆರುವವರು ಅದನ್ನು ಚರಂಡಿಗೆ ಬಿಡಬಾರದು. ಮುಂದೊಂದು ಇಂಗುಗುಂಡಿ ಅತ್ಯವಶ್ಯ.

ವಾಚಕರು ನಕ್ಷೆಯನ್ನು ಮಡಿಚಿಕೊಂಡು ಎದ್ದರು. ಲಿಂಗಂಪಲ್ಲಿಯ ರೈಲಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ನಿಂತು, “ಹಪ್ಪಳ ಒಣಗಿಸುವುದೆಲ್ಲಿ ಎಂದು ಮನೆಯವಳು ಕೇಳಿದ್ದಳು” ಎಂದರು. ತಾರಸಿಯಲ್ಲಿ ತುಳಸಿಯ ಪಕ್ಕಕ್ಕೆ ಪೆನ್ಸಿಲಿನಿಂದ ಇನ್ನೊಂದು ಗೆರೆಯನ್ನು ಎಳೆದುಕೊಟ್ಟೆವು.